ಚಳಿ ನೆಲದಿಂದ ಏರುತ್ತದೆ: ಬೀದಿಯಲ್ಲಿ ಮಲಗುವವರಿಗೆ ಮಾಗಿಯಲ್ಲಿ ನೆರವಾಗುವ ಬಗೆ

ಡಿಸೆಂಬರ್‌ನ ಒಂದು ಬೆಳಗಿನ ಜಾವ, ನಾಲ್ಕೂಕಾಲರ ಹೊತ್ತು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೂವಿನ ಮೂಟೆಗಳು ಬಂದು ಇಳಿಯುತ್ತಿದ್ದವು. ಗೋಡೆಗೆ ಒತ್ತಿಕೊಂಡು ಮುದುಡಿ ಮಲಗಿದ್ದ ಅಜ್ಜಿಯೊಬ್ಬರ ಹತ್ತಿರ ಹೊಸ ಕಂಬಳಿ ಹಿಡಿದುಕೊಂಡು ಹೋದೆ. ಅವರು ಎದ್ದು ಕೂತು, ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು. "ಹೊಸದು ಬ್ಯಾಡ ಕಣಮ್ಮ. ನಾಳೆ ಹೊತ್ತಿಗೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಕೆಳಗೆ ಹಾಸ್ಕೊಳಕ್ಕೆ ಎರಡು ಗೋಣಿಚೀಲ ಇದ್ರೆ ಕೊಡು. ಈ ನೆಲ ಬೆನ್ನನ್ನೇ ಹೀರ್ತದೆ."

ಆ ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಸಿಮೆಂಟು, ಕಲ್ಲು, ಟೈಲ್ಸ್ ಮೈಯ ಕಾವನ್ನು ಎಡೆಬಿಡದೆ ಎಳೆದುಕೊಳ್ಳುತ್ತವೆ. ಮೇಲೆ ಎಷ್ಟು ಹೊದ್ದರೂ ಕೆಳಗೆ ಏನೂ ಇಲ್ಲದಿದ್ದರೆ ರಾತ್ರಿಯಿಡೀ ಬೆನ್ನಿನಿಂದ ಬಿಸಿ ಸೋರುತ್ತಲೇ ಇರುತ್ತದೆ. ಅಲ್ಲಿಂದೀಚೆಗೆ ನಾವು ಐದಾರು ಮಂದಿ ನೆರೆಹೊರೆಯವರು ನಾಲ್ಕು ಚಳಿಗಾಲ ರಾತ್ರಿ ಸುತ್ತಿದ್ದೇವೆ. ಆ ತಿರುಗಾಟದಲ್ಲಿ ಕಲಿತದ್ದನ್ನು, ತಪ್ಪು ಮಾಡಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

"ಬೆಂಗಳೂರಲ್ಲಿ ಅಂಥಾ ಚಳಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ನಗರದ ದಾಖಲೆಯ ಕನಿಷ್ಠ ಉಷ್ಣಾಂಶ 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಸಾಮಾನ್ಯವಾಗಿ ಜನವರಿಯ ರಾತ್ರಿ 15ರ ಆಸುಪಾಸಿನಲ್ಲಿರುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ವರ್ಷ 10ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಈ ಅಂಕಿಗಳನ್ನು ಗೋಡೆ, ಕಿಟಕಿ, ಮಂಚ ಇರುವವರ ಕಣ್ಣಿನಿಂದ ನೋಡಬಾರದು. ಹೊಟ್ಟೆಗಿಲ್ಲದ, ವಯಸ್ಸಾದ, ಬಟ್ಟೆ ನೆನೆದ ದೇಹಕ್ಕೆ 12-15 ಡಿಗ್ರಿಯಲ್ಲೂ ಗಾಳಿ ಬೀಸಿದರೆ ಜೀವಕ್ಕೆ ಕುತ್ತು.

ಮೊದಲ ಹೆಜ್ಜೆ: ಕೈ ಬೀಸಿಕೊಂಡು ಹೋಗಿ ನೋಡಿ ಬನ್ನಿ

ಮೊದಲ ಎರಡು ರಾತ್ರಿ ಏನನ್ನೂ ಹಂಚಬೇಡಿ. ನಿಮ್ಮ ಮನೆಯಿಂದ ಎರಡು-ಮೂರು ಕಿಲೋಮೀಟರ್ ಒಳಗಿನ ಒಂದೇ ಜಾಗ ಆರಿಸಿಕೊಳ್ಳಿ: ರೈಲು ನಿಲ್ದಾಣದ ಹೊರಗೆ, ಬಸ್ ಸ್ಟ್ಯಾಂಡಿನ ಹಿಂಭಾಗ, ಮೇಲ್ಸೇತುವೆಯ ಕೆಳಗೆ, ಮಾರುಕಟ್ಟೆಯ ಮುಚ್ಚಿದ ಅಂಗಡಿಗಳ ಜಗುಲಿ, ಸರ್ಕಾರಿ ಆಸ್ಪತ್ರೆಯ ಆವರಣ. ಆಸ್ಪತ್ರೆಯ ಹೊರಗೆ ಮಲಗಿರುವವರಲ್ಲಿ ಅನೇಕರು ದೂರದ ಊರಿಂದ ಬಂದ ರೋಗಿಗಳ ಮನೆಯವರು. ಅವರಿಗೂ ಅದೇ ನೆಲ, ಅದೇ ಚಳಿ.

ರಾತ್ರಿ ಹನ್ನೊಂದರ ಸುಮಾರಿಗೆ ಒಮ್ಮೆ, ಬೆಳಗಿನ ಜಾವ ನಾಲ್ಕರಿಂದ ಐದೂವರೆಯೊಳಗೆ ಇನ್ನೊಮ್ಮೆ ಹೋಗಿ. ಹನ್ನೊಂದಕ್ಕೆ ಹೋದರೆ ಯಾರು ಎಲ್ಲಿ ಮಲಗುತ್ತಾರೆ ಎಂಬುದು ತಿಳಿಯುತ್ತದೆ. ಚಳಿ ಯಾರನ್ನು ಹಿಡಿದಿದೆ ಎಂಬುದು ತಿಳಿಯುವುದು ಜಾವದಲ್ಲಿ. ಇಡೀ ರಾತ್ರಿಯಲ್ಲಿ ಅತಿ ತಣ್ಣನೆಯ ಹೊತ್ತು ಸೂರ್ಯ ಹುಟ್ಟುವ ಮುಂಚಿನದು. ಅಷ್ಟರಲ್ಲಿ ಸಂಜೆ ತಿಂದ ಊಟದ ಕಸುವೂ ಮುಗಿದಿರುತ್ತದೆ. ಸಂಜೆ ಎಂಟಕ್ಕೆ ಕಂಬಳಿ ಹಂಚಿ ಮನೆಗೆ ಹೋಗುವವರು ಈ ಹೊತ್ತನ್ನು ಕಂಡೇ ಇರುವುದಿಲ್ಲ.

ಎಷ್ಟು ಜನ, ಎಷ್ಟು ಹೆಂಗಸರು, ಮಕ್ಕಳು, ವಯಸ್ಸಾದವರು, ಯಾರ ಕೆಳಗೆ ಏನು ಹಾಸಿದೆ, ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಇವನ್ನು ಗುರುತು ಹಾಕಿಕೊಳ್ಳಿ. ಮುಖ್ಯವಾಗಿ ರಾತ್ರಿಯೆಲ್ಲ ಎಚ್ಚರವಿರುವವರ ಪರಿಚಯ ಮಾಡಿಕೊಳ್ಳಿ. ಟೀ ಮಾರುವವರು, ಸೆಕ್ಯುರಿಟಿಯವರು, ಆಟೋದವರು, ಹಮಾಲಿಗಳು, ಜಾವಕ್ಕೇ ಕೆಲಸಕ್ಕೆ ಬರುವ ಪೌರಕಾರ್ಮಿಕರು. ಯಾರಿಗೆ ಕೆಮ್ಮು ಜಾಸ್ತಿಯಾಗಿದೆ, ಯಾರು ಮೂರು ದಿನದಿಂದ ಎದ್ದಿಲ್ಲ ಎಂಬುದು ಇವರಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿರುವುದಿಲ್ಲ.

ಮಾತಾಡಿಸುವುದು

ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ಬೀದಿಯಲ್ಲಿ ಮಲಗುವವರಿಗೆ ರಾತ್ರಿ ಮೈ ಮೇಲೆ ಕೈ ಬಿತ್ತೆಂದರೆ ಕಳ್ಳತನ, ಹೊಡೆತ, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ಕಾಲಿನ ಕಡೆ ಎರಡು ಹೆಜ್ಜೆ ದೂರ ನಿಂತು, ಟಾರ್ಚನ್ನು ನೆಲಕ್ಕೆ ಹಿಡಿದು, ಮೆಲ್ಲಗೆ ಕರೆಯಿರಿ. "ಅಣ್ಣಾ, ಊಟ ಆಯ್ತಾ?" ಅಂದರೆ ಸಾಕು, ಅದಕ್ಕಿಂತ ಒಳ್ಳೆಯ ಪೀಠಿಕೆ ನಮ್ಮ ಭಾಷೆಯಲ್ಲಿಲ್ಲ. ಹುಬ್ಬಳ್ಳಿ, ಕಲಬುರಗಿ ಕಡೆಯಾದರೆ "ಯಜ್ಜಾ, ಊಟ ಆತೇನ್ರಿ?" ಕುಳಿತು ಮಾತಾಡಿ. ನಿಂತು ಮಾತಾಡಿದರೆ ಪೊಲೀಸರೋ ಪಾಲಿಕೆಯವರೋ ಎಂದು ಅಂಜುತ್ತಾರೆ. ತೆಲುಗು, ತಮಿಳು, ಹಿಂದಿ ಬಲ್ಲವರೊಬ್ಬರು ಜೊತೆಗಿರಲಿ. ಒಬ್ಬ ಹೆಂಗಸಾದರೂ ತಂಡದಲ್ಲಿ ಇರಲೇಬೇಕು, ಒಂಟಿ ಮಹಿಳೆಯರ ಹತ್ತಿರ ಗಂಡಸರು ಮೊದಲು ಹೋಗಕೂಡದು.

ಫೋಟೊ ತೆಗೆಯಬೇಡಿ. ಹಂಚಿದ ಕಂಬಳಿಯ ಲೆಕ್ಕ ತೋರಿಸಬೇಕಿದ್ದರೆ ಅಂಗಡಿಯ ಬಿಲ್ ತೋರಿಸಿ. ಎಷ್ಟೋ ಜನ ತಾವು ಬೀದಿಯಲ್ಲಿ ಮಲಗುವುದನ್ನು ಊರಲ್ಲಿರುವ ಹೆಂಡತಿ ಮಕ್ಕಳಿಗೆ ಹೇಳಿರುವುದಿಲ್ಲ. ಅವರ ಆ ಮರ್ಯಾದೆಯನ್ನು ಕಾಯುವುದು ನಮ್ಮ ಕೆಲಸ.

ಏನು ಬೇಕೆಂದು ಕೇಳಿ, ಹೇಳಿದ್ದನ್ನು ನಂಬಿ. ಒಬ್ಬರು ಕಾಲುಚೀಲ ಕೇಳುತ್ತಾರೆ, ಇನ್ನೊಬ್ಬರು ಸೊಳ್ಳೆಬತ್ತಿ, ಮತ್ತೊಬ್ಬರು ಮೊಬೈಲ್ ಚಾರ್ಜ್ ಮಾಡಿಕೊಡಿ ಅನ್ನುತ್ತಾರೆ. ಕೊಡಲಾಗದ್ದನ್ನು ಆಗುವುದಿಲ್ಲ ಅಂದುಬಿಡಿ. "ನಾಳೆ ತರ್ತೀನಿ" ಎಂದು ಹೇಳಿ ತಪ್ಪಿಸಿದರೆ ಮುಂದೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಹಾಸಿಗೆ: ಕೆಳಗಿನಿಂದ ಶುರುಮಾಡಿ

ಎಲ್ಲಕ್ಕಿಂತ ಕೆಳಗೆ ನೀರು ಹೀರದ ಹಾಳೆ. ಹಳೆಯ ಫ್ಲೆಕ್ಸ್ ಬ್ಯಾನರ್ ಇದಕ್ಕೆ ಹೇಳಿ ಮಾಡಿಸಿದ್ದು. ಜಾತ್ರೆ, ಹುಟ್ಟುಹಬ್ಬ, ಚುನಾವಣೆ ಮುಗಿದ ಮೇಲೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಆರೂವರೆ ಅಡಿ ಉದ್ದ, ಮೂರು ಅಡಿ ಅಗಲಕ್ಕೆ ಕತ್ತರಿಸಿ. ಅದರ ಮೇಲೆ ದಪ್ಪ ರಟ್ಟು. ಟಿವಿ, ಫ್ರಿಜ್ ಬಂದ ಪೆಟ್ಟಿಗೆಗಳ ರಟ್ಟಿನ ಒಳಗೆ ಏರಿಳಿತದ ಪದರವಿರುತ್ತದೆ. ಅಲ್ಲಿ ಸಿಕ್ಕಿಕೊಂಡ ಗಾಳಿಯೇ ನೆಲದ ತಣ್ಣಗೆಯನ್ನು ತಡೆಯುವುದು. ಎರಡು ಪದರ ಹಾಕಿದರೆ ಇನ್ನೂ ಒಳ್ಳೆಯದು. ಅದರ ಮೇಲೆ ಗೋಣಿಚೀಲ ಅಥವಾ ಚಾಪೆ. ಹೀಗೆ ಮೂರು ಪದರ ಕೆಳಗೆ ಇದ್ದರೆ ಮೇಲೆ ಒಂದೇ ಹೊದಿಕೆಯಿದ್ದರೂ ಮನುಷ್ಯ ನಿದ್ದೆ ಮಾಡಬಲ್ಲ.

ಮಾರುಕಟ್ಟೆಯ ಹಮಾಲಿಗಳಲ್ಲಿ ಕೆಲವರು ತಳ್ಳುಗಾಡಿಯ ಹಲಗೆಯ ಮೇಲೆ ಮಲಗುತ್ತಾರೆ. ಜಾಣತನದ ಕೆಲಸ ಅದು, ನೆಲದಿಂದ ಎತ್ತರವಾಯಿತು. ಆದರೆ ಅಡಿಯಿಂದ ಗಾಳಿ ಆಡುತ್ತದೆ. ಗಾಡಿಯ ಸುತ್ತ ಗೋಣಿ ಇಳಿಬಿಟ್ಟು ಹಗ್ಗ ಕಟ್ಟಿ, ಹಲಗೆಯ ಮೇಲೆ ರಟ್ಟು ಹಾಕಿಕೊಟ್ಟರೆ ಕೊರತೆ ತುಂಬುತ್ತದೆ.

ಹೊದಿಕೆಯ ಮಾತು. ಕುರಿಯ ಉಣ್ಣೆಯ ಕಪ್ಪು ಕಂಬಳಿಗೆ ಸಾಟಿಯಿಲ್ಲ. ಚಳ್ಳಕೆರೆ ಕಡೆಯಿಂದ ಬರುವ ಕೈಮಗ್ಗದ ಕಂಬಳಿ ಒರಟು, ಮೊದಮೊದಲು ಚುಚ್ಚುತ್ತದೆ, ಆದರೆ ಸ್ವಲ್ಪ ನೆನೆದರೂ ಕಾವು ಬಿಡುವುದಿಲ್ಲ. ತುಂತುರು ಮಳೆ ಅದರ ಮೇಲೆ ಜಾರುತ್ತದೆ. ಕುರಿಗಾಹಿಗಳು ಅದನ್ನು ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅಡವಿಯಲ್ಲಿ ಮಳೆಗಾಲ ಕಳೆಯುವುದು ಸುಮ್ಮನೆ ಅಲ್ಲ. ಬೆಲೆ ಹೆಚ್ಚು ನಿಜ. ಹತ್ತು ತೆಳುವಾದ ಹೊದಿಕೆಯ ಬದಲು ನಾಲ್ಕು ಒಳ್ಳೆಯ ಕಂಬಳಿ ಕೊಂಡು, ತೀರಾ ವಯಸ್ಸಾದ ನಾಲ್ವರಿಗೆ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಹೊಲಿದ ಕೌದಿಯೂ ಬೆಚ್ಚಗೆ, ಮೆತ್ತಗೆ. ಆದರೆ ಹತ್ತಿಯಾದ್ದರಿಂದ ನೆನೆದರೆ ಭಾರ, ಒಣಗುವುದು ನಿಧಾನ. ಮೇಲೆ ಮರೆ ಇರುವ ಜಾಗದಲ್ಲಿ ಮಲಗುವವರಿಗೆ ಮಾತ್ರ ಕೌದಿ ಕೊಡಿ.

ಮೈಮೇಲೆ ಒಂದು ದಪ್ಪ ಬಟ್ಟೆಗಿಂತ ಎರಡು-ಮೂರು ತೆಳು ಪದರ ವಾಸಿ. ಅಂಗಿ ಮತ್ತು ಸ್ವೆಟರ್ ನಡುವೆ ದಿನಪತ್ರಿಕೆಯ ಹಾಳೆ ಸುತ್ತಿದರೂ ಗಾಳಿ ತಡೆಯುತ್ತದೆ. ತಲೆ, ಕಿವಿ, ಕುತ್ತಿಗೆಗೆ ಮಂಕಿ ಟೋಪಿ. ಪಾದಕ್ಕೆ ಎರಡು ಜೊತೆ ಕಾಲುಚೀಲ, ಒಂದು ನೆನೆದರೆ ಇನ್ನೊಂದಕ್ಕೆ ಬದಲಾಯಿಸಲು. ಹಳೆ ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ, ಜಿಪ್ ನೆಟ್ಟಗಿದೆಯೇ ನೋಡಿ ಕೊಡಿ. ನೀವು ಹಾಕಿಕೊಳ್ಳಲಾರದಷ್ಟು ಹರಿದದ್ದು ಅವರಿಗೂ ಬೇಡ.

ನಂತರದ ಪ್ರಶ್ನೆ, ಹಗಲಲ್ಲಿ ಇದೆಲ್ಲ ಎಲ್ಲಿಡುವುದು? ಬೀದಿಯಲ್ಲಿರುವವರ ಕಂಬಳಿ ಕಳೆದುಹೋಗುವುದು ರಾತ್ರಿಗಿಂತ ಹೆಚ್ಚಾಗಿ ಹಗಲಲ್ಲಿ. ಕೆಲಸಕ್ಕೆ ಹೋದಾಗ ಯಾರೋ ಒಯ್ಯುತ್ತಾರೆ, ಇಲ್ಲವೇ ಕಸದ ಗಾಡಿಗೆ ಹೋಗುತ್ತದೆ. ನಾವು ಹಗ್ಗದ ಬಾಯಿಯ ಚೀಲ ಹೊಲಿಸಿ, ಅದರ ಮೇಲೆ ಅವರವರ ಗುರುತು ಹಾಕಿ, ಒಬ್ಬ ಟೀ ಅಂಗಡಿಯವರನ್ನು ಒಪ್ಪಿಸಿ ಅಲ್ಲಿಡುವ ವ್ಯವಸ್ಥೆ ಮಾಡಿದೆವು. ಆ ಅಜ್ಜಿ ಹೊಸ ಕಂಬಳಿ ಒಪ್ಪಿಕೊಂಡದ್ದು ಆಮೇಲೆಯೇ.

ಮಳೆ ಬಂದ ರಾತ್ರಿ

ಒಣ ಚಳಿಗಿಂತ ಒದ್ದೆ ಚಳಿ ಅಪಾಯಕಾರಿ. ನೀರು ದೇಹದ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆಯುತ್ತದೆ. ನಮ್ಮಲ್ಲಿ ಇದು ಬರುವುದು ಬಂಗಾಳಕೊಲ್ಲಿಯ ಚಂಡಮಾರುತಗಳ ಜೊತೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಪುದುಚೇರಿಯ ಹತ್ತಿರ ದಡ ಮುಟ್ಟಿದಾಗ ಬೆಂಗಳೂರಿನಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ, ಸೂರ್ಯನ ಸುಳಿವಿಲ್ಲ. ಅಂಥ ದಿನ ಹಾಸಿದ್ದು, ಹೊದ್ದಿದ್ದು, ತೊಟ್ಟಿದ್ದು ಯಾವುದೂ ಒಣಗುವುದಿಲ್ಲ. ಕರಾವಳಿಯಲ್ಲಿ ಚಂಡಮಾರುತದ ಸುದ್ದಿ ಬಂದ ಕೂಡಲೇ ಒಣಬಟ್ಟೆಯ ಒಂದೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಸಿದ್ಧವಾಗಿಟ್ಟುಕೊಳ್ಳಿ. ಒದ್ದೆ ಬಟ್ಟೆ ಬದಲಾಯಿಸಲು ಹೆಂಗಸರಿಗೆ ಮರೆ ಬೇಕು. ಹತ್ತಿರದ ಶೌಚಾಲಯದವರೊಂದಿಗೆ ಮೊದಲೇ ಮಾತಾಡಿಡಿ.

ಬೆಂಕಿ

ಬೆಂಕಿ ಹಾಕಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳುವಂತೆಯೂ ಇಲ್ಲ. ಎಚ್ಚರಿಕೆ ಹೇಳಿಕೊಡಿ. ಟೈರು, ಪ್ಲಾಸ್ಟಿಕ್, ಬಣ್ಣದ ಹಲಗೆ ಸುಡುವ ಹೊಗೆ ಎದೆಗೆ ವಿಷ. ಒಣ ಸೌದೆ, ತೆಂಗಿನ ಮಟ್ಟೆ ಆಗಬಹುದು. ಮಲಗುವ ಜಾಗದಿಂದ ದೂರ ಇರಲಿ. ಅಗ್ಗದ ನೈಲಾನ್, ಅಕ್ರಿಲಿಕ್ ಹೊದಿಕೆಗೆ ಕಿಡಿ ಹಾರಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು: ಟಾರ್ಪಾಲಿನ ಗುಡಿಸಲೊಳಗೆ, ಶೆಡ್ಡಿನೊಳಗೆ, ಬಾಗಿಲು ಮುಚ್ಚಿದ ಲಾರಿ ಕ್ಯಾಬಿನ್ನಿನೊಳಗೆ ಕೆಂಡ ಇಟ್ಟುಕೊಂಡು ಮಲಗಲೇಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಹೊಟ್ಟೆಗೆ

ದೇಹ ಬಿಸಿ ಹುಟ್ಟಿಸುವುದು ಅನ್ನದಿಂದ. ಮಲಗುವ ಮುಂಚೆ ಊಟ ಆಗಿದ್ದರೆ ರಾತ್ರಿ ಅರ್ಧ ಗೆದ್ದಂತೆ. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಹತ್ತಿರದಲ್ಲಿದ್ದರೆ ಅದರ ರಾತ್ರಿ ಊಟದ ಹೊತ್ತು ತಿಳಿದುಕೊಂಡು ಹೇಳಿ. ಜಾವದ ಸುತ್ತಿಗೆ ನಾವು ಒಯ್ಯುವುದು ಫ್ಲಾಸ್ಕಿನಲ್ಲಿ ರಾಗಿ ಗಂಜಿ, ಬೆಲ್ಲ ಹಾಕಿದ್ದು ಒಂದು, ಉಪ್ಪು ಮಜ್ಜಿಗೆ ಬೆರೆಸಿದ್ದು ಒಂದು. ಸಕ್ಕರೆ ಕಾಯಿಲೆ ಇರುವವರು ಬೀದಿಯಲ್ಲೂ ಇದ್ದಾರೆ, ಕೇಳಿ ಕೊಡಿ. ನಡುರಾತ್ರಿ ತಣ್ಣಗಾದ ಪೊಟ್ಟಣದ ಚಿತ್ರಾನ್ನ ಕೊಡುವುದರಿಂದ ಅಷ್ಟಾಗಿ ಉಪಯೋಗವಿಲ್ಲ.

ಕುಡಿತದ ಬಗ್ಗೆ ಉಪದೇಶ ಬೇಡ. ಆದರೆ ವಿಷಯ ತಿಳಿಸಿ: ಎಣ್ಣೆ ಹೊಡೆದರೆ ಮೈ ಬೆಚ್ಚಗಾಯಿತು ಅನ್ನಿಸುವುದು ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಬರುವುದರಿಂದ. ಅಂದರೆ ಬೆಚ್ಚಗೆನಿಸುವ ಆ ಹೊತ್ತಿನಲ್ಲೇ ದೇಹ ತಣ್ಣಗಾಗುತ್ತಿರುತ್ತದೆ. ಕುಡಿದವರ ಕೆಳಗೆ ರಟ್ಟು, ಮೇಲೆ ಹೊದಿಕೆ ಇದೆಯೇ ಎಂದು ಮೊದಲು ನೋಡಿ.

"ಕುಡಿದು ಬಿದ್ದವ್ನೆ" ಎಂದು ದಾಟಿಹೋಗುವ ಮುಂಚೆ

ಈ ಲೇಖನದಲ್ಲಿ ಬೇರೇನು ಮರೆತರೂ ಈ ಭಾಗವನ್ನು ಮರೆಯಬೇಡಿ. ದೇಹದ ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಆಗ ಮಾತು ತೊದಲುತ್ತದೆ, ನಡಿಗೆ ತಟ್ಟಾಡುತ್ತದೆ, ಕೇಳಿದ್ದಕ್ಕೆ ಏನೋ ಉತ್ತರ ಬರುತ್ತದೆ, ತೂಕಡಿಕೆ ಕವಿಯುತ್ತದೆ. ದೂರದಿಂದ ನೋಡಿದರೆ ಕುಡಿದವರ ಹಾಗೆಯೇ. ನಾನೂ ಒಮ್ಮೆ ಮೇಲ್ಸೇತುವೆಯ ಕೆಳಗೆ ಹಾಗೆಂದುಕೊಂಡು ಮುಂದೆ ಹೋಗಿದ್ದೆ. ಹಿಂದೆ ಬರುತ್ತಿದ್ದ ಗೆಳತಿ ಬಗ್ಗಿ ನೋಡಿ, "ವಾಸನೆಯೇ ಇಲ್ಲ ಕಣೇ, ಹೊಟ್ಟೆ ಮುಟ್ಟಿ ನೋಡು, ಮಂಜುಗಡ್ಡೆ" ಅಂದಳು. ಆತ ಬದುಕಿದ. ಹಿಂದೆ ಅವಳಿಲ್ಲದಿದ್ದರೆ ಏನಾಗುತ್ತಿತ್ತೋ ಎಂಬ ಅಳುಕು ನನಗೆ ಈಗಲೂ ಇದೆ.

ಚಳಿಗೆ ನಡುಗುತ್ತಿರುವವರಿಗಿಂತ ನಡುಕ ನಿಂತುಹೋದವರು ಹೆಚ್ಚು ಅಪಾಯದಲ್ಲಿದ್ದಾರೆ. ದೇಹ ಸೋತು ನಡುಗುವುದನ್ನೇ ಬಿಟ್ಟಿರುತ್ತದೆ. ಕೆಲವರು ಆ ಹಂತದಲ್ಲಿ ಸೆಕೆ ಅನ್ನಿಸಿ ಬಟ್ಟೆಯನ್ನೇ ಕಿತ್ತು ಹಾಕುತ್ತಾರೆ. ಕೈಕಾಲು ತಣ್ಣಗಿರುವುದು ಸಾಮಾನ್ಯ. ಕೇಳಿ ಒಪ್ಪಿಗೆ ಪಡೆದು, ಅಂಗೈಯ ಹಿಂಭಾಗವನ್ನು ಹೊಟ್ಟೆಯ ಮೇಲೆ ಬಟ್ಟೆಯ ಒಳಗಿಟ್ಟು ನೋಡಿ. ಹೊಟ್ಟೆಯೂ ತಣ್ಣಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಎಳೆಗೂಸುಗಳು ನಡುಗುವುದಿಲ್ಲ. ಮುಖ ಕೆಂಪಗಿದ್ದರೂ ಮೈ ತಣ್ಣಗಿರುವುದು, ಹಾಲು ಕುಡಿಯದಿರುವುದು, ಅಳದೆ ಜೋಲುವುದು ಅವುಗಳ ಲಕ್ಷಣ.

ಜಾಗ ಹೇಳುವಾಗ "ಫ್ಲೈಓವರ್ ಕೆಳಗೆ" ಅಂದರೆ ಆಂಬುಲೆನ್ಸ್ ಸುತ್ತುತ್ತಲೇ ಇರುತ್ತದೆ. ಮೆಟ್ರೊ ಕಂಬದ ಮೇಲಿನ ಸಂಖ್ಯೆ, ಬಸ್ ನಿಲ್ದಾಣದ ಹೆಸರು, ಅಂಗಡಿಯ ಬೋರ್ಡು ಹೇಳಿ. ಒಬ್ಬರು ರಸ್ತೆಯ ಅಂಚಿಗೆ ಬಂದು ಟಾರ್ಚ್ ಹಿಡಿದು ನಿಲ್ಲಲಿ.

ಗಾಡಿ ಬರುವವರೆಗೆ ಮಾಡಬೇಕಾದದ್ದು ಇಷ್ಟು. ಗಾಳಿಯಿಂದ ಮರೆ ಮಾಡಿ. ಅವರನ್ನು ಮಲಗಿಸಿಯೇ ಇರಿ. ಎತ್ತಿ ಕುಲುಕುವುದು, ನಡೆಸುವುದು ಬೇಡ, ತಣ್ಣಗಾದ ಹೃದಯದ ಬಡಿತ ಆ ಅಲುಗಾಟಕ್ಕೇ ತಪ್ಪಬಹುದು. ಕೆಳಗೆ ರಟ್ಟು, ಗೋಣಿ ತೂರಿಸಿ. ಒದ್ದೆ ಬಟ್ಟೆಯನ್ನು ಎಳೆದಾಡದೆ ಕತ್ತರಿಸಿ ತೆಗೆದು ಒಣ ಹೊದಿಕೆ ಸುತ್ತಿ, ತಲೆಗೂ ಸುತ್ತಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ, ತೊಡೆಸಂದಿಗೆ ಇಡಿ. ಮೊದಲು ಬೆಚ್ಚಗಾಗಬೇಕಾದದ್ದು ಒಡಲು. ಕೈಕಾಲು ಉಜ್ಜುವುದು, ಬೆಂಕಿಯ ಹತ್ತಿರ ಒಯ್ಯುವುದು, ಬಿಸಿನೀರು ಹೊಯ್ಯುವುದು ನಮಗೆಲ್ಲ ತಕ್ಷಣ ಹೊಳೆಯುವ ಉಪಾಯಗಳು, ಮೂರೂ ಅಪಾಯ. ಕೈಕಾಲಿನ ತಣ್ಣನೆಯ ರಕ್ತ ಒಮ್ಮೆಗೇ ಹೃದಯದ ಕಡೆ ನುಗ್ಗುತ್ತದೆ. ಪೂರ್ತಿ ಎಚ್ಚರವಿದ್ದು, ಗುಟುಕರಿಸಿ ನುಂಗಬಲ್ಲವರಿಗೆ ಮಾತ್ರ ಉಗುರುಬೆಚ್ಚಗಿನ ಸಿಹಿ ಟೀ, ಗಂಜಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಉಸಿರಾಡುತ್ತಿದ್ದರೆ ಮೆಲ್ಲನೆ ಪಕ್ಕಕ್ಕೆ ಹೊರಳಿಸಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, 108ರವರು ಫೋನಿನಲ್ಲಿ ಹೇಳಿದಂತೆ ಮುಂದುವರಿಸಿ. ಮೈ ತಣ್ಣಗಿದೆ, ನಾಡಿ ಸಿಗುತ್ತಿಲ್ಲ ಎಂದು ನೀವೇ "ಹೋಗಿಬಿಟ್ಟರು" ಎಂದು ತೀರ್ಮಾನಿಸಬೇಡಿ. ಚಳಿಯಲ್ಲಿ ನಾಡಿ ತೀರಾ ಕ್ಷೀಣವಾಗಿರುತ್ತದೆ.

ಆಸ್ಪತ್ರೆಗೆ ಒಬ್ಬರು ಜೊತೆಗೆ ಹೋಗಿ. ದಿಕ್ಕಿಲ್ಲದವರು ಎಂದು ಬರೆಸಿಕೊಂಡ ರೋಗಿಗೂ, ಪಕ್ಕದಲ್ಲಿ ಒಬ್ಬರು ನಿಂತಿರುವ ರೋಗಿಗೂ ಸಿಗುವ ಗಮನದಲ್ಲಿ ಅಂತರ ಇರುವುದನ್ನು ಕಣ್ಣಾರೆ ಕಂಡಿದ್ದೇನೆ.

ತಂಗುದಾಣಕ್ಕೆ ಕರೆದೊಯ್ಯುವುದು

ಐದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಮಂದಿ ತಂಗಬಲ್ಲ ಒಂದು ಕೇಂದ್ರ ಇರಬೇಕು, ವರ್ಷವಿಡೀ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವೂ ಇದೇ ಲೆಕ್ಕ ಇಟ್ಟುಕೊಂಡು, ಒಬ್ಬರಿಗೆ 50 ಚದರ ಅಡಿ ಜಾಗ ಎಂದಿತ್ತು. ಇದು ದಾನವಲ್ಲ, ಹಕ್ಕು. ಪಾಲಿಕೆಯಲ್ಲೋ ನಗರಸಭೆಯಲ್ಲೋ "ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ?" ಎಂದು ಗಟ್ಟಿಯಾಗಿ ಕೇಳಿ.

ಹಗಲಲ್ಲಿ ನೀವೇ ಹೋಗಿ ನೋಡಿ ಬನ್ನಿ. ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರಬಹುದೇ, ಆಧಾರ್ ಇಲ್ಲದಿದ್ದರೆ ಸೇರಿಸಿಕೊಳ್ಳುತ್ತಾರೆಯೇ, ಗಂಟುಮೂಟೆ ಇಡಲು ಜಾಗವಿದೆಯೇ, ರಾತ್ರಿ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ? ಮಾರುಕಟ್ಟೆಯ ಕೂಲಿ ಸಿಗುವುದು ನಡುರಾತ್ರಿ. ಹತ್ತಕ್ಕೆ ಬಾಗಿಲು ಹಾಕಿದರೆ ಹಮಾಲಿಗೆ ಆ ಕೇಂದ್ರ ಇದ್ದೂ ಇಲ್ಲದಂತೆ.

"ಬರಲ್ಲ" ಎನ್ನುವವರ ಹಿಂದೆ ಬಹುಮಟ್ಟಿಗೆ ಒಂದು ಹೆದರಿಕೆ ಇರುತ್ತದೆ. ಬೆಂಗಳೂರಿನಲ್ಲಿ ಅದರ ಹೆಸರು "ಬೆಗ್ಗರ್ ಕಾಲೊನಿ". 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಲು ಅವಕಾಶವಿದೆ. ವ್ಯಾನು ನಿಂತರೆ ಸಾಕು, ಅಲ್ಲಿಗೇ ಎಂದು ಓಡುತ್ತಾರೆ. ಆಶ್ರಯ ಕೇಂದ್ರ ಬೇರೆ, ಅಲ್ಲಿಂದ ಬೆಳಿಗ್ಗೆ ಎದ್ದು ಹೊರಡಬಹುದು ಎಂದು ಬಿಡಿಸಿ ಹೇಳಿ. ನಂಬದಿದ್ದರೆ ಒಬ್ಬರನ್ನು ಹಗಲಲ್ಲಿ ಕರೆದುಕೊಂಡು ಹೋಗಿ ತೋರಿಸಿ ವಾಪಸ್ ಕರೆತನ್ನಿ. ಆ ಒಬ್ಬರು ಹೇಳಿದ ಮೇಲೆ ನಾಲ್ವರು ಬರುತ್ತಾರೆ. ಯಾರನ್ನೂ ಎಳೆದುಕೊಂಡು ಹೋಗಬೇಡಿ. ಬಾರದವರಿಗೆ ರಟ್ಟು, ಕಂಬಳಿ ಕೊಟ್ಟು ಜಾವದಲ್ಲಿ ಮತ್ತೆ ಬಂದು ನೋಡಿ.

ಒಂಟಿ ಮಕ್ಕಳು ಕಂಡರೆ 1098, ಹೆಂಗಸರ ರಕ್ಷಣೆಗೆ 181, ವಯಸ್ಸಾದವರಿಗೆ 14567, ತುರ್ತಿಗೆ 112. ಮಾನಸಿಕ ಕಾಯಿಲೆಯಿಂದ ಅಲೆಯುತ್ತಿರುವವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ನೆನಪಿರಲಿ. ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಒಯ್ಯುವುದು ಪೊಲೀಸರ ಕರ್ತವ್ಯ. ಠಾಣೆಯಲ್ಲಿ ಸೆಕ್ಷನ್ ಹೆಸರು ಹೇಳಿದರೆ ಮಾತು ಬೇಗ ಮುಂದುವರಿಯುತ್ತದೆ.

ಮತ್ತೆ ಮತ್ತೆ ಹೋಗಿ

ಹೊಸ ವರ್ಷದ ದಿನ ಕಂಬಳಿ ಹಂಚುವವರು ತುಂಬಾ ಜನ. ಜನವರಿ ಮೂರನೇ ವಾರದಲ್ಲಿ ಯಾರೂ ಇರುವುದಿಲ್ಲ. ಚಳಿ "ಶಿವ ಶಿವ" ಅಂತ ಹೋಗುವುದು ಶಿವರಾತ್ರಿಗೆ. ಅಲ್ಲಿಯವರೆಗೆ ವಾರಕ್ಕೆ ಎರಡು ರಾತ್ರಿಯಾದರೂ ಅದೇ ಜಾಗಕ್ಕೆ ಅದೇ ಮುಖಗಳು ಹೋಗಬೇಕು. ಹೋದಾಗ ಕೆಮ್ಮು ಕೇಳಿಸಿಕೊಳ್ಳಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಉಸಿರಾಡುವಾಗ ಪಕ್ಕೆ ಸೆಳೆಯುತ್ತಿದ್ದರೆ, ಜ್ವರ ಇದ್ದರೆ ಅದೇ ದಿನ ಕರೆದೊಯ್ಯಿರಿ.

ಶಿವರಾತ್ರಿ ಕಳೆದ ಮೇಲೆ ನಾವು ಇನ್ನೊಂದು ಕೆಲಸ ಮಾಡುತ್ತೇವೆ. ಬೇಸಿಗೆಯಲ್ಲಿ ಕಂಬಳಿ ಹೊತ್ತು ತಿರುಗುವುದು ಕಷ್ಟ, ಬಿಸಾಡಿದರೆ ಮುಂದಿನ ವರ್ಷಕ್ಕಿಲ್ಲ. ಇಷ್ಟವಿದ್ದವರಿಂದ ವಾಪಸ್ ಪಡೆದು, ಬಿಸಿಲಿಗೆ ಹಾಕಿ ಕೊಡವಿ, ನಡುನಡುವೆ ಒಣಗಿದ ಬೇವಿನ ಎಲೆ ಇಟ್ಟು ಮಡಚಿ ನಮ್ಮ ಮನೆಯ ಅಟ್ಟದಲ್ಲಿ ಇಡುತ್ತೇವೆ. ಕಳೆದ ಸಲ ಆ ಅಜ್ಜಿ ತಮ್ಮದನ್ನು ಕೊಡುವಾಗ ಹೂವಿನ ಅಂಗಡಿಯಿಂದ ಕೆಂಪು ನೂಲು ಇಸಕೊಂಡು ಒಂದು ಮೂಲೆಗೆ ಮೂರು ಗಂಟು ಹಾಕಿದರು. "ಇದು ನಂದು. ಕಾರ್ತೀಕ ಮುಗಿಯೋ ಹೊತ್ತಿಗೆ ತಂದ್ಕೊಡು, ಬೇರೆಯವರಿಗೆ ಕೊಟ್ಟೀಯಾ ಮತ್ತೆ" ಅಂದರು. ಕಂಬಳಿ ಅಟ್ಟದಲ್ಲಿದೆ, ಗಂಟು ಹಾಗೇ ಇದೆ.